ಅಲ್ಮಾಟಿಯ ಬೈತುರ್ಸಿನುಲಿ ಮನೆ: ಅರಬ್ಬಿ ಲಿಪಿ ಬಿಡಲ್ಲ ಅಂದವರು ಸುಧಾರಕ ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಮಗಳು ಕಜಖ್‌ಸ್ತಾನದ ಅಲ್ಮಾಟಿಯಲ್ಲಿ ಮೆಡಿಕಲ್ ಓದುತ್ತಿದ್ದಾಳೆ, ಮೂರನೇ ವರ್ಷ. ಮೇ ತಿಂಗಳಲ್ಲಿ ನಾನೂ ಹೆಂಡತಿಯೂ ಹೋಗಿದ್ದೆವು. ಟೂರಿನವರು ಮೂರು ದಿನ ಮೆದೆಉ, ಕೋಕ್-ತೊಬೆ, ಚಾರಿನ್ ಕಣಿವೆ ಎಲ್ಲಾ ಸುತ್ತಿಸಿದರು. ಚೆನ್ನಾಗಿತ್ತು, ಇಲ್ಲ ಅನ್ನಲ್ಲ. ಆದರೆ ಆ ಊರಿನ ಜನ ಏನು ಓದುತ್ತಾರೆ, ಅವರ ಭಾಷೆ ಹೇಗೆ ಉಳಿದು ಬಂತು, ಒಂದೂ ಗೊತ್ತಾಗಲಿಲ್ಲ. ಕೇಳಿದರೆ ಅದು ನಮ್ಮ ಪ್ಯಾಕೇಜಿನಲ್ಲಿ ಇಲ್ಲ ಸರ್ ಅಂದರು.

ನಾಲ್ಕನೇ ದಿನ ಮಗಳೇ ಕರೆದುಕೊಂಡು ಹೋದಳು. ಬೈಕೊನೂರ್ ಮೆಟ್ರೊ ಸ್ಟೇಷನ್‌ನಲ್ಲಿ ಇಳಿದು, ಬೈತುರ್ಸಿನೊವ್ ರಸ್ತೆ ಹಿಡಿದು ಕೆಳಮುಖವಾಗಿ ನಡೆದೆವು. ಬೆನ್ನ ಹಿಂದೆ ಹಿಮದ ಬೆಟ್ಟ. ರಸ್ತೆ ಪಕ್ಕದ ಸಣ್ಣ ಕಾಲುವೆಯಲ್ಲಿ ಬೆಟ್ಟದ ನೀರು ನಮ್ಮ ಜೊತೆಗೇ ಹರಿದು ಬರುತ್ತಿತ್ತು. ಅದೇ ರಸ್ತೆಯಲ್ಲಿ ಅಹ್ಮೆತ್ ಬೈತುರ್ಸಿನುಲಿ (ರಷ್ಯನ್ ರೂಪದಲ್ಲಿ ಬೈತುರ್ಸಿನೊವ್) ಅವರ ಮನೆ ಇದೆ. ಕಜಖ್ ಲಿಪಿಯ ಸುಧಾರಕ ಅಂತ ಹೆಸರಾದ ಭಾಷಾ ವಿದ್ವಾಂಸ. ಕೊನೆಯ ವರ್ಷಗಳಲ್ಲಿ ಇದ್ದ ಮನೆ, ಈಗ ಮ್ಯೂಸಿಯಂ. ನಾವು ಹೋದಾಗ ಬೇರೆ ಒಬ್ಬರೂ ಇರಲಿಲ್ಲ. ಗೋಡೆ ಮೇಲೆ ದುಂಡು ಕನ್ನಡಕ, ದಪ್ಪ ಮೀಸೆಯ ಫೋಟೊ. ಗಾಜಿನೊಳಗೆ ಹಳೆಯ ಪುಸ್ತಕಗಳು.

ಅಲ್ಲಿದ್ದ ಒಬ್ಬ ಹೆಂಗಸು, ಐವತ್ತು ದಾಟಿದವರು, ನಾವು ಇಂಡಿಯಾದವರು ಅಂತ ಗೊತ್ತಾಗಿ ಒಂದು ಚೀಟಿ ತೆಗೆದುಕೊಂಡರು. ಮಗಳ ಅರ್ಧಂಬರ್ಧ ರಷ್ಯನ್‌ನಲ್ಲೇ ಮಾತು. ಅರಬ್ಬಿ ಅಕ್ಷರದಲ್ಲಿ ಒಂದು ಪದ ಬರೆದರು: ಉನ್. ಹಿಟ್ಟು ಅಂತ ಅರ್ಥ. ಆಮೇಲೆ ಅದೇ ಪದವನ್ನು ಕೆಳಗೆ ಇನ್ನೊಮ್ಮೆ ಬರೆದು, ಅದರ ಮುಂದೆ ಕೊಕ್ಕೆಯಂಥ ಒಂದು ಪುಟ್ಟ ಗುರುತು ಹಾಕಿದರು. ತುಟಿ ಮುಂದೆ ಚಾಚಿ ಅದನ್ನು ಹೇಳಿ ತೋರಿಸಿದರು. ಈಗ ಅದು ದನಿ. ಒಂದು ಕೊಕ್ಕೆಯಿಂದ ಹಿಟ್ಟು ದನಿಯಾಯಿತು. ನನಗೆ ಮೈ ಜುಮ್ ಅಂತು.

ಈಗ ನನ್ನ ಪ್ರಶ್ನೆ. ಬೈತುರ್ಸಿನುಲಿ 1926ರಲ್ಲಿ ಕಜಖ್ ಭಾಷೆಗೆ ಲ್ಯಾಟಿನ್ ಲಿಪಿ ಬೇಡ ಅಂದರಂತೆ. ಅರಬ್ಬಿಯೇ ಇರಲಿ ಅಂದರಂತೆ. ಹಾಗಾದರೆ ಇವರನ್ನು ಸುಧಾರಕ ಅನ್ನೋದು ಹೇಗೆ? ಹಳೆಯದನ್ನೇ ಹಿಡಿದು ಕೂತವರು ಅನ್ನಬೇಕಲ್ವಾ? ತಿಳಿದವರು ಹೇಳಿ.

ಓದುಗ_ಹಾಸನ

ಈ ಹೆಸರು ಇವತ್ತೇ ಮೊದಲು ಕೇಳಿದ್ದು. ಫಾಲೋ ಮಾಡ್ತಿದ್ದೇನೆ.

ಲಿಪಿಪ್ರಿಯ

ತುಂಗಾತೀರ ಅವರೇ, ಆ ಹೆಂಗಸು ನಿಮ್ಮ ಪ್ರಶ್ನೆಗೆ ಉತ್ತರವನ್ನು ಚೀಟಿಯಲ್ಲೇ ಬರೆದುಕೊಟ್ಟಿದ್ದಾರೆ. ಆ ಕೊಕ್ಕೆ ಇದೆಯಲ್ಲ, ಹಮ್ಜಾ, ಅದೇ ಬೈತುರ್ಸಿನುಲಿ ಅವರ ಸುಧಾರಣೆ.

ಕಜಖ್ ಭಾಷೆಯಲ್ಲಿ ಸ್ವರಗಳು ಎರಡು ಗುಂಪು, ಗಟ್ಟಿ ಮತ್ತು ಮೆತ್ತಗೆ. ಒಂದು ಪದದ ಒಳಗೆ ಸಾಮಾನ್ಯವಾಗಿ ಎಲ್ಲಾ ಸ್ವರವೂ ಒಂದೇ ಗುಂಪಿನದ್ದಾಗಿರಬೇಕು. ಹಳೆಯ ಅರಬ್ಬಿ ಬರವಣಿಗೆಯಲ್ಲಿ ಇದು ಕಾಣುತ್ತಲೇ ಇರಲಿಲ್ಲ. ಸ್ವರಗಳೇ ಸರಿಯಾಗಿ ಬೀಳುತ್ತಿರಲಿಲ್ಲ. ಓದುವವರು ಊಹೆ ಮಾಡಿಕೊಂಡು ಓದಬೇಕು. ಮೊದಲೇ ಪದ ಗೊತ್ತಿದ್ದರೆ ಮಾತ್ರ ಓದಲಿಕ್ಕೆ ಆಗುತ್ತಿತ್ತು. ಈಗ ತಾನೇ ಕಲಿಯುವ ಮಗುವಿಗೆ ಅದು ನರಕ.

ಇವರು ಏನು ಮಾಡಿದರು? ಅರಬ್ಬಿ ಭಾಷೆಗೆ ಮಾತ್ರ ಬೇಕಾದ, ಕಜಖರ ಬಾಯಲ್ಲಿ ಇಲ್ಲವೇ ಇಲ್ಲದ ಅಕ್ಷರಗಳನ್ನೆಲ್ಲ ತೆಗೆದರು. ಸ್ವರಗಳಿಗೆ ಬೇರೆ ಬೇರೆ ಅಕ್ಷರ ಕೊಟ್ಟರು. ಮೆತ್ತಗಿನ ಸ್ವರಕ್ಕೆ ಒಂದೊಂದು ಹೊಸ ಅಕ್ಷರ ಹುಟ್ಟಿಸುವ ಬದಲು ಪದದ ಮುಂದೆ ಒಂದೇ ಹಮ್ಜಾ ಇಟ್ಟರು. ಇಡೀ ಪದ ಮೆತ್ತಗಾಯಿತು. ಪದದಲ್ಲಿ ಮೆತ್ತಗಿನ ಕ, ಗ ಅಥವಾ ಎ ಅಕ್ಷರ ಇದ್ದರೆ ಹಮ್ಜಾ ಕೂಡ ಬೇಡ, ಯಾಕಂದರೆ ಅವುಗಳಿಂದಲೇ ಗೊತ್ತಾಗುತ್ತದೆ. 24 ಅಕ್ಷರ, ಒಂದು ಗುರುತು, ಅಷ್ಟೇ. ಭಾಷೆಯ ಒಳಗಿನ ನಿಯಮವನ್ನೇ ಲಿಪಿಗೆ ಇಳಿಸಿದರು. ಅದಕ್ಕೆ ಹೆಸರು ತೊತೆ ಜಾಝು, ನೇರ ಬರಹ. 1912ರ ಹೊತ್ತಿಗೆ ಈ ಕೆಲಸ ರೂಪಕ್ಕೆ ಬಂದಿತ್ತು, 1924ರಲ್ಲಿ ಒರೆನ್‌ಬುರ್ಗ್‌ನಲ್ಲಿ ಸೇರಿದ ವಿದ್ವಾಂಸರು ಒಪ್ಪಿದರು.

ಬಯಲುಸೀಮೆ_72

ಲಿಪಿಪ್ರಿಯ, ನೀವು ಹೇಳಿದ್ದು ಚೆನ್ನಾಗಿದೆ, ಆದರೆ ಪ್ರಶ್ನೆ ಅಲ್ಲೇ ಉಳಿಯಿತು. ನಾನು ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸಿ ಬೆಳೆದವನು. ಅರಬ್ಬಿ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೆ ಪದದ ಶುರುವಿಗೆ ಒಂದು, ನಡುವಿಗೆ ಒಂದು, ಕೊನೆಗೆ ಒಂದು, ಒಂಟಿಯಾಗಿ ನಿಂತರೆ ಇನ್ನೊಂದು ರೂಪ. ಅಷ್ಟು ಮೊಳೆ ಎರಕ ಹೊಯ್ಯಬೇಕು, ಅಷ್ಟು ಗೂಡು ಬೇಕು. ಟೈಪ್‌ರೈಟರ್ ಮಾಡೋದು ಇನ್ನೂ ಕಷ್ಟ. ಲ್ಯಾಟಿನ್‌ಗೆ ಆ ತಾಪತ್ರಯ ಇಲ್ಲ. ಟರ್ಕಿಯವರು 1928ರಲ್ಲಿ ಲ್ಯಾಟಿನ್‌ಗೆ ಹೋದರು, ಏನಾಯಿತು? ಚೆನ್ನಾಗೇ ಇದ್ದಾರೆ. ಎಷ್ಟೇ ದೊಡ್ಡವರಾಗಲಿ, 1926ರಲ್ಲಿ ಅಜರ್‌ಬೈಜಾನಿನ ಬಾಕುವಿನಲ್ಲಿ ಲಿಪಿಯ ಚರ್ಚೆ ನಡೆದಾಗ ಅವರು ತಪ್ಪು ಪಕ್ಷದಲ್ಲಿ ನಿಂತರು ಅಂತಲೇ ನನ್ನ ಅಭಿಪ್ರಾಯ.

ಲಿಪಿಪ್ರಿಯ

ಮೊಳೆ ವಿಷಯ ಒಪ್ಪಿದೆ. ಅದು ನಿಜವಾದ ಕಷ್ಟ, ಲ್ಯಾಟಿನ್ ಪಕ್ಷದವರೂ ಅದನ್ನೇ ಮುಂದಿಟ್ಟರು. ಆದರೆ 1926ರಲ್ಲಿ ಬಾಕುವಿನಲ್ಲಿ ಸೇರಿದ ತುರ್ಕಿಕ್ ಭಾಷೆಗಳ ವಿದ್ವಾಂಸರ ಸಮ್ಮೇಳನಕ್ಕೆ ಹೋದಾಗ ಇವರ ಕೈ ಖಾಲಿ ಇರಲಿಲ್ಲ. ಪಠ್ಯಪುಸ್ತಕ ಇತ್ತು, ಪತ್ರಿಕೆ ಓದುವ ಜನ ಇದ್ದರು, ಆ ಅಕ್ಷರದಲ್ಲೇ ಕಲಿತ ಮಕ್ಕಳು ಮೇಷ್ಟ್ರಾಗಿದ್ದರು. ಕೆಲಸ ಮಾಡುತ್ತಿರುವ ಲಿಪಿಯನ್ನು ಯಾಕೆ ಬಿಡಬೇಕು ಅಂತ ಕೇಳುವುದು ಹಟ ಹೇಗಾಗುತ್ತದೆ?

ಮುಂದೆ ಆದದ್ದು ನೋಡಿ. 1929ರಲ್ಲಿ ಲ್ಯಾಟಿನ್ ಬಂತು. 1940ರಲ್ಲಿ ಸಿರಿಲಿಕ್ ಬಂತು. ಹನ್ನೊಂದು ವರ್ಷದಲ್ಲಿ ಎರಡು ಸಲ! 1920ರಲ್ಲಿ ಓದು ಕಲಿತವನು 1941ರಲ್ಲಿ ತನ್ನ ಮಗನ ಶಾಲೆ ಪುಸ್ತಕ ಓದಬೇಕಾದರೆ ಮತ್ತೆರಡು ಸಲ ಅಆಇಈ ತಿದ್ದಿರಬೇಕು. ಆ ಮಗನಿಗೆ ಅಪ್ಪನ ಕಾಗದ ಓದಲಿಕ್ಕೆ ಬರುವುದಿಲ್ಲ. ಟರ್ಕಿಯ ಹೋಲಿಕೆ ಇಲ್ಲಿ ನಿಲ್ಲಲ್ಲ. ಅವರು ಒಂದೇ ಸಲ ಬದಲಾಯಿಸಿದರು, ಅದೂ ತಮ್ಮದೇ ಸರ್ಕಾರದಲ್ಲಿ.

ಬಯಲುಸೀಮೆ_72

ಆ ಕೊನೆಯ ಮಾತು ಒಪ್ಪುತ್ತೇನೆ. ಉಳಿದದ್ದು ಇಲ್ಲ.

ಅಲ್ಮಾಟಿ_ಕನ್ನಡಿಗ

ನಾನು ಆರು ವರ್ಷದಿಂದ ಅಲ್ಮಾಟಿಯಲ್ಲಿದ್ದೇನೆ, ಔಷಧಿ ಕಂಪನಿ ಕೆಲಸ. ಆ ರಸ್ತೆ ದಿನಾ ದಾಟುತ್ತೇನೆ. ನೀವು ಹೇಳಿದ ಕಾಲುವೆಗೆ ಇಲ್ಲಿ ಅರಿಕ್ ಅಂತಾರೆ. ದಾರಿ ಕೇಳಿದರೆ ಎಡ ಬಲ ಅನ್ನೋದೇ ಕಡಿಮೆ, ಮೇಲೆ ಅಂದರೆ ಬೆಟ್ಟದ ಕಡೆ, ಕೆಳಗೆ ಅಂದರೆ ಊರಿನ ಕಡೆ. ಅರಿಕ್‌ನ ನೀರು ನೋಡಿದರೆ ದಿಕ್ಕು ಗೊತ್ತಾಗಿಬಿಡುತ್ತದೆ.

ಇನ್ನೊಂದು ವಿಷಯ. ಈ ರಸ್ತೆಗೆ ಸೋವಿಯತ್ ಕಾಲದಲ್ಲಿ ಗಗನಯಾತ್ರಿಗಳ ರಸ್ತೆ ಅಂತ ಹೆಸರಿತ್ತು, ಕೊಸ್ಮೊನಾವ್ತೊವ್. ಈಗಲೂ ವಯಸ್ಸಾದ ಟ್ಯಾಕ್ಸಿಯವರು ಹಾಗೇ ಹೇಳುತ್ತಾರೆ. ಬೈತುರ್ಸಿನೊವ್ ಹೆಸರನ್ನು, ಸೋವಿಯತ್ ಸರ್ಕಾರ ಅವರನ್ನು ಕೊಂದ 1937ರಿಂದ 1988ರವರೆಗೆ, ಬಹಿರಂಗವಾಗಿ ಹೇಳುವ ಹಾಗೇ ಇರಲಿಲ್ಲ. ಪುಸ್ತಕಗಳು ಬೀಗದೊಳಗೆ. 1988ರ ನವೆಂಬರ್‌ನಲ್ಲಿ ನಿರಪರಾಧಿ ಅಂತ ತೀರ್ಪು ಬಂತು. ಐವತ್ತೊಂದು ವರ್ಷ! ನಮ್ಮ ಆಫೀಸಿನಲ್ಲಿ ಒಬ್ಬ ಹಿರಿಯರಿದ್ದಾರೆ, ಶಾಲೆಯಲ್ಲಿ ಕಜಖ್ ವ್ಯಾಕರಣ ಕಲಿತವರು. ಅದರಲ್ಲಿದ್ದ ಪದಗಳನ್ನು ಕಟ್ಟಿದವರ ಹೆಸರು ಅವರಿಗೆ ಗೊತ್ತಾಗಿದ್ದು ಮೂವತ್ತೈದನೇ ವಯಸ್ಸಿಗಂತೆ. ಅದನ್ನು ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಮ್ಯೂಸಿಯಂನಲ್ಲಿ ಜನ ಇರಲಿಲ್ಲ ಅಂದಿರಲ್ಲ, ಶಾಲೆ ಮಕ್ಕಳು ಬರುವ ದಿನ ನೋಡಿ. ಕಾಲಿಡಲು ಜಾಗ ಇರಲ್ಲ.

ಸಂಡೂರು_ಮೇಷ್ಟ್ರು

ಮೂವತ್ತನಾಲ್ಕು ವರ್ಷ ಹಳ್ಳಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು ನಾನು. ಇಂಥ ವಿಷಯ ಬಂದರೆ ಸುಮ್ನೆ ಇರಲಿಕ್ಕೆ ಆಗಲ್ಲ, ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲರೂ ಲಿಪಿ ಹಿಡಿದಿದ್ದೀರಿ. ನನಗೆ ಕಾಣುವುದು ಮೇಷ್ಟ್ರು. ಹುಟ್ಟಿದ್ದು ತುರ್ಗಾಯ್ ಹುಲ್ಲುಗಾವಲಿನಲ್ಲಿ, 1873ರಲ್ಲಿ. ಹದಿಮೂರು ವರ್ಷ ಆಗಿದ್ದಾಗ ಅಪ್ಪ ಬೈತುರ್ಸಿನ್ ಅಲ್ಲಿನ ರಷ್ಯನ್ ಅಧಿಕಾರಿಯ ಮೇಲೆ ಕೈ ಮಾಡಿದರು ಅಂತ ಹದಿನೈದು ವರ್ಷ ಸೈಬೀರಿಯಾದ ಕಠಿಣ ಶಿಕ್ಷೆಗೆ ಕಳಿಸಿದರು. ಮುಂದೆ ತಾವೇ 1909ರಲ್ಲಿ ಸೆಮೆಯ್ ಜೈಲು ಸೇರಿದಾಗ ಅಮ್ಮನಿಗೆ ಪದ್ಯದಲ್ಲಿ ಕಾಗದ ಬರೆದರು. ಅದರಲ್ಲಿ ಹದಿಮೂರರಲ್ಲಿ ಎದೆಗೆ ಆದ ಗಾಯ ಇನ್ನೂ ಮಾಯದೆ ಇರುವುದನ್ನು ಹೇಳಿಕೊಳ್ಳುತ್ತಾರೆ. ಅಪ್ಪ ಜೈಲಿಗೆ ಹೋದ ಮೇಲೆ ಆ ಹುಡುಗ ದೊಣ್ಣೆ ಹಿಡಿಯಲಿಲ್ಲ, ಶಾಲೆಗೆ ಹೋದ. ತುರ್ಗಾಯ್‌ನಲ್ಲಿ ಓದಿ, ಒರೆನ್‌ಬುರ್ಗ್‌ನ ಶಿಕ್ಷಕರ ಶಾಲೆಗೆ ಸೇರಿ, 1895ರಲ್ಲಿ ಮೇಷ್ಟ್ರಾದ. ಹದಿನಾಲ್ಕು ವರ್ಷ ಅಕ್ತೊಬೆ, ಕೊಸ್ತನಾಯ್, ಕರ್ಕರಾಲಿ ಕಡೆ ಊರೂರು ಪಾಠ ಮಾಡಿದರು.

ಪಾಠ ಮಾಡದೆ ಇದ್ದವರಿಗೆ ಆ ಹಮ್ಜಾ ಹೊಳೆಯುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಮಗು ಎಲ್ಲಿ ತಡವರಿಸುತ್ತದೆ ಅನ್ನೋದು ಪಕ್ಕದಲ್ಲಿ ಕೂತವರಿಗೆ ಮಾತ್ರ ಗೊತ್ತು. ನಮ್ಮ ಶಾಲೆಯಲ್ಲಿ ಒಂದನೇ ಕ್ಲಾಸಿನ ಒಂದು ಹುಡುಗಿ "ಷ" ಬಂದಾಗಲೆಲ್ಲ ನಿಲ್ಲುತ್ತಿದ್ದಳು. ನನ್ನ ಮುಖ ನೋಡುತ್ತಿದ್ದಳು. ಬಾಯಲ್ಲಿ ಶ, ಷ ಎರಡಕ್ಕೂ ಒಂದೇ ಸದ್ದು, ಪುಸ್ತಕದಲ್ಲಿ ಎರಡು ಅಕ್ಷರ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಇವರೂ ಅಂಥ ಎಷ್ಟು ಮುಖ ನೋಡಿರಬೇಕು.

ಆಮೇಲೆ ವ್ಯಾಕರಣ. ನಾಮಪದಕ್ಕೆ ಜಾತ್ ಎಸಿಮ್ ಅಂದರು, ಅಂದರೆ ವಸ್ತುವಿನ ಹೆಸರು. ಸಂಖ್ಯಾವಾಚಕಕ್ಕೆ ಸಾನ್ ಎಸಿಮ್, ಎಣಿಕೆಯ ಹೆಸರು. ವಾಕ್ಯದ ಕರ್ತೃವಿಗೆ ಬಸ್ತಾವಿಷ್, ಅಂದರೆ ಶುರು ಮಾಡುವುದು. ಕುರಿ ಕಾಯುವ ಮಗುವಿಗೂ ಕೇಳಿದ ತಕ್ಷಣ ಅರ್ಥ ಆಗುವ ಪದಗಳು. ಇವತ್ತಿಗೂ ಕಜಖ್ ಮಕ್ಕಳು ಅದನ್ನೇ ಓದುತ್ತಾರೆ. ನಾನು "ಕರ್ತೃ" ಅನ್ನೋ ಪದ ಅರ್ಥ ಮಾಡಿಸಲು ಎಷ್ಟು ದಿನ ಒದ್ದಾಡಿದ್ದೇನೆ ಅಂತ ನನಗೇ ಗೊತ್ತು.

ಕೆಂಪುಮಣ್ಣು

ಮೇಷ್ಟ್ರೇ, ನಮ್ಮಲ್ಲೂ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಇದನ್ನೇ ಹೇಳಿದರಲ್ವಾ? ಹೆಸರುಪದ, ಎಸಕಪದ. ಮಹಾಪ್ರಾಣ ಬೇಡ ಅಂತಲೂ ಹೇಳಿದರು. ಯಾರು ಕೇಳಿದರು?

ಓದುಗ_ಹಾಸನ

ಮಹಾಪ್ರಾಣ ತೆಗೆದರೆ "ಘನ" "ಗನ" ಆಗುತ್ತದೆ. ಅದೆಲ್ಲ ಆಗುವ ಮಾತಲ್ಲ.

ಕೆಂಪುಮಣ್ಣು

ನಿಮ್ಮೂರಲ್ಲಿ ಎಷ್ಟು ಜನ "ಘ" ಅಂತ ಹೊಟ್ಟೆಯಿಂದ ಉಸಿರು ಬಿಟ್ಟು ಹೇಳ್ತಾರೆ, ಹೇಳಿ ನೋಡೋಣ.

ಓದುಗ_ಹಾಸನ

ನಮ್ಮ ಮನೇಲಿ ಹೇಳ್ತಾರೆ. ಬರೆಯೋದು ಬರೀ ಇವತ್ತಿನ ಬಾಯಿಗೆ ಅಲ್ಲ, ಹಳೆಯ ಪುಸ್ತಕಕ್ಕೂ ದಾರಿ ಬೇಕು.

ಲಿಪಿಪ್ರಿಯ

ಇಬ್ಬರೂ ನೋಡಿ, ಬಾಕುವಿನ ಜಗಳವನ್ನೇ ಆಡುತ್ತಿದ್ದೀರಿ. ಬೈತುರ್ಸಿನುಲಿ ಇಬ್ಬರ ಮಾತನ್ನೂ ಹಿಡಿದಿದ್ದರು. ಬಾಯಲ್ಲಿ ಇಲ್ಲದ ಅಕ್ಷರ ತೆಗೆದರು, ಆದರೆ ಲಿಪಿಯ ಬೇರು ಕೀಳಲಿಲ್ಲ.

ತುಂಗಾತೀರ

ದಯವಿಟ್ಟು ಮಹಾಪ್ರಾಣಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಶುರುವಾದರೆ ಮುಗಿಯಲ್ಲ 🙏 ಮೇಷ್ಟ್ರೇ, ನಿಮ್ಮ ಬರಹ ಹೆಂಡತಿಗೂ ಓದಿ ಹೇಳಿದೆ. ಬೈತುರ್ಸಿನುಲಿ ಅವರ ಮನೆಯವರ ಬಗ್ಗೆ ಯಾರಿಗಾದರೂ ಗೊತ್ತಾ? ಮ್ಯೂಸಿಯಂನಲ್ಲಿ ಹೆಂಡತಿ ಬಗ್ಗೆ ಏನೋ ಹೇಳಿದರು, ಮಗಳ ರಷ್ಯನ್ ಅಷ್ಟಕ್ಕೆ ಸಾಲಲಿಲ್ಲ.

ಹುಣಸೆತೋಪು

ಒಂದು ತಿದ್ದುಪಡಿ ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. ಹುಟ್ಟಿದ್ದು 1872. ಹಳೆಯ ಪುಸ್ತಕಗಳಲ್ಲಿ ಬಹಳ ಕಡೆ 1873 ಅಂತಿದೆ, ಆದರೆ 150ನೇ ವರ್ಷದ ಆಚರಣೆ ನಡೆದದ್ದು 2022ರಲ್ಲಿ. ಯುನೆಸ್ಕೊ ಕೂಡ ಅದರಲ್ಲಿ ಸೇರಿತ್ತು.

ಸಂಡೂರು_ಮೇಷ್ಟ್ರು

ಬೇಜಾರು ಯಾಕೆ, ತಿದ್ದಿದ್ದು ಒಳ್ಳೆಯದಾಯಿತು. ನನ್ನ ನೋಟ್ಸಿನಲ್ಲೂ ತಿದ್ದಿಕೊಂಡೆ.

ನೀಲಿಶಾಯಿ

ಹೆಂಡತಿ ಬಗ್ಗೆ ನಾನು ಹೇಳುತ್ತೇನೆ. ಆಕೆ ರಷ್ಯನ್ ಹೆಣ್ಣುಮಗಳು, ಹೆಸರು ಅಲೆಕ್ಸಾಂದ್ರಾ. ಮದುವೆಯಾಗಿ ಬದ್ರಿಸಫಾ ಆದರು. 1929ರಲ್ಲಿ ಗಂಡನನ್ನು ಹಿಡಿದುಕೊಂಡು ಹೋದರು. ಆತನನ್ನು ಉತ್ತರದ ಅರ್ಖಾಂಗೆಲ್ಸ್ಕ್ ಕಡೆಗೆ, ಈಕೆಯನ್ನೂ ಸಾಕುಮಗಳು ಶೋಲ್ಪನ್‌ಳನ್ನೂ ಸೈಬೀರಿಯಾದ ತೋಮ್ಸ್ಕ್‌ಗೆ. ಭೂಪಟ ತೆಗೆದು ಒಮ್ಮೆ ಎರಡೂ ಊರು ನೋಡಿ. ಗಂಡ ಒಂದು ತುದಿ, ಹೆಂಡತಿ ಮಗಳು ಇನ್ನೊಂದು ತುದಿ.

ಗೋರ್ಕಿಯ ಹೆಂಡತಿ ಯೆಕತೆರಿನಾ ಪೆಶ್ಕೋವಾ ಆಗ ರಾಜಕೀಯ ಕೈದಿಗಳಿಗೆ ನೆರವಾಗುವ ಸಂಸ್ಥೆ ನಡೆಸುತ್ತಿದ್ದರು. ಅವರ ಪ್ರಯತ್ನದಿಂದ 1934ರಲ್ಲಿ ಬೈತುರ್ಸಿನುಲಿಗೆ ಬಿಡುಗಡೆ ಆಯಿತು, ಮನೆಯವರೆಲ್ಲ ಮತ್ತೆ ಅಲ್ಮಾಟಿಯಲ್ಲಿ ಸೇರಿದರು. ನೀವು ನೋಡಿದ ಮನೆ ಆ ಮೂರು ವರ್ಷದ್ದು. ಶಿಕ್ಷಣ ಮಂತ್ರಿಯಾಗಿದ್ದವರಿಗೆ, ಹೊಸ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರಿಗೆ, ಆಗ ನೆಟ್ಟಗೆ ಒಂದು ಕೆಲಸ ಸಿಗಲಿಲ್ಲ. 1937ರ ಅಕ್ಟೋಬರ್ 8ಕ್ಕೆ ಮತ್ತೆ ಹಿಡಿದರು. ಡಿಸೆಂಬರ್ 8ಕ್ಕೆ ಗುಂಡಿಟ್ಟು ಕೊಂದರು. ಸರಿಯಾಗಿ ಎರಡು ತಿಂಗಳು.

ಮೂರು ವರ್ಷ ಆ ಮನೆಯಲ್ಲಿ ರಾತ್ರಿ ಬಾಗಿಲ ಸದ್ದಾದರೆ ಬದ್ರಿಸಫಾಗೆ ಏನು ಅನ್ನಿಸಿರಬೇಡ. ಅದನ್ನು ಯೋಚಿಸಿಯೇ ನನಗೆ ನಿದ್ದೆ ಬರಲಿಲ್ಲ.

ಕೆಂಪುಮಣ್ಣು

ಅಯ್ಯೋ.

ಕಾವೇರಿ_ಕಣಿವೆ

ಮಂತ್ರಿಯಾಗಿದ್ದರಾ? ಅಂದರೆ ಬೊಲ್ಶೆವಿಕ್ ಸರ್ಕಾರದಲ್ಲೇ? ಮತ್ತೆ ಅವರೇ ಯಾಕೆ ಕೊಂದರು?

ಲಿಪಿಪ್ರಿಯ

ಹೌದು. ಮೊದಲು ಅಲಿಖಾನ್ ಬುಕೆಯಿಖಾನ್, ಮಿರ್‌ಜಾಕಿಪ್ ದುಲಾತ್ ಜೊತೆ ಅಲಾಶ್ ಅನ್ನುವ ಕಜಖರ ರಾಷ್ಟ್ರೀಯ ಚಳವಳಿ. 1917ರಲ್ಲಿ ಅಲಾಶ್ ಓರ್ದಾ ಅಂತ ಕಜಖರದ್ದೇ ಸರ್ಕಾರ ಕಟ್ಟಿದರು. ಅದು ನಿಲ್ಲಲಿಲ್ಲ. 1919ರಲ್ಲಿ ಸೋವಿಯತ್ ಕಡೆ ಮಾತುಕತೆಗೆ ಹೋದರು, 1920ರಲ್ಲಿ ಹೊಸ ಗಣರಾಜ್ಯದ ಶಿಕ್ಷಣ ಕಮಿಸಾರ್ ಆದರು. ಶಾಲೆ ತೆರೆಯಲು, ಪುಸ್ತಕ ಅಚ್ಚು ಹಾಕಲು ಯಾವ ಬಾಗಿಲು ತೆರೆದಿತ್ತೋ ಆ ಬಾಗಿಲಿಂದ ಒಳಗೆ ಹೋದರು ಅಂತ ನಾನು ಓದಿಕೊಳ್ಳುತ್ತೇನೆ. ಹಳೆಯ ಅಲಾಶ್ ಗುರುತು ಮಾತ್ರ ಅವರನ್ನು ಬಿಡಲಿಲ್ಲ. ಮೂವರೂ ಉಳಿಯಲಿಲ್ಲ. ಬುಕೆಯಿಖಾನ್‌ರನ್ನೂ 1937ರಲ್ಲೇ ಕೊಂದರು, ದುಲಾತ್ 1935ರಲ್ಲಿ ಕ್ಯಾಂಪಿನಲ್ಲಿ ತೀರಿಕೊಂಡರು.

ಬಯಲುಸೀಮೆ_72ಗೆ ಒಂದು ಮಾತು. ಲ್ಯಾಟಿನ್ ಬೇಕು ಅಂತ ಗಟ್ಟಿಯಾಗಿ ವಾದಿಸಿದ ಕಜಖರಲ್ಲಿ ನಾಜಿರ್ ತೊರೆಕುಲೊವ್ ದೊಡ್ಡ ಹೆಸರು. ಆಮೇಲೆ ಸೌದಿ ಅರೇಬಿಯಾಕ್ಕೆ ಸೋವಿಯತ್ ರಾಯಭಾರಿಯಾಗಿ ಹೋದವರು. ಅವರನ್ನೂ 1937ರ ನವೆಂಬರ್‌ನಲ್ಲಿ ಗುಂಡಿಟ್ಟು ಕೊಂದರು. ಲ್ಯಾಟಿನ್ ಬೇಕು ಅಂದವರು, ಬೇಡ ಅಂದವರು, ಇಬ್ಬರೂ ಸುಮಾರು ಒಂದು ತಿಂಗಳ ಅಂತರದಲ್ಲಿ.

ಬಯಲುಸೀಮೆ_72

ತೊರೆಕುಲೊವ್ ವಿಷಯ ಗೊತ್ತಿರಲಿಲ್ಲ. ಈ ಜಗಳದಲ್ಲಿ ನಾನು ಯಾರ ಪಕ್ಷ ವಹಿಸಿದರೂ ಕೊನೆ ಅದೇ ಆಗುತ್ತಿತ್ತು ಅಂತ ಯೋಚಿಸಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಮೊಳೆಯ ವಾದ ಮಾತ್ರ ಬಿಡಲ್ಲ. ಬೈತುರ್ಸಿನುಲಿಯೂ ಪತ್ರಿಕೆ ನಡೆಸಿದವರಂತೆ. ಆ ಕಷ್ಟ ಅವರಿಗೂ ಗೊತ್ತಿದ್ದಿರಲೇಬೇಕು.

ನೀಲಿಶಾಯಿ

ಗೊತ್ತಿತ್ತು. 1913ರಿಂದ 1918ರವರೆಗೆ ಒರೆನ್‌ಬುರ್ಗ್‌ನಲ್ಲಿ ನಡೆಸಿದ ಪತ್ರಿಕೆಯ ಹೆಸರೇ "ಕಜಖ್". ಇದರ ತೂಕ ಎಷ್ಟು ಅಂತ ಹೇಳಿಬಿಡುತ್ತೇನೆ. ಆಗ ರಷ್ಯನ್ನರು ಇವರನ್ನು ಕಜಖ್ ಅಂತ ಕರೆಯುತ್ತಲೇ ಇರಲಿಲ್ಲ. ಕಿರ್ಗಿಜ್ ಅನ್ನುತ್ತಿದ್ದರು. ಸರ್ಕಾರಿ ಕಾಗದದಲ್ಲೂ ಅದೇ. ಆಗ ಪತ್ರಿಕೆಯ ತಲೆಯ ಮೇಲೆ ತಮ್ಮ ಜನರ ಸ್ವಂತ ಹೆಸರು ಹಾಕಿ, ಪಕ್ಕದಲ್ಲಿ ಉಣ್ಣೆ ಕಂಬಳಿಯ ಗುಡಾರದ ಚಿತ್ರ ಇಟ್ಟು ಹೊರಗೆ ಕಳಿಸುವುದು ಅಂದರೆ ಸಣ್ಣ ವಿಷಯವಾ? ಸರ್ಕಾರ ಆ ಹೆಸರನ್ನು ತಿದ್ದಿಕೊಂಡದ್ದು 1925ರಲ್ಲಿ. ಪತ್ರಿಕೆ ಹನ್ನೆರಡು ವರ್ಷ ಮೊದಲೇ ತಿದ್ದಿತ್ತು.

ಅದಕ್ಕೂ ಮೊದಲು 1911ರಲ್ಲಿ "ಮಾಸಾ" ಅಂತ ಕವಿತೆಯ ಪುಸ್ತಕ. ಮಾಸಾ ಅಂದರೆ ಸೊಳ್ಳೆ. ಮಲಗಿದವರ ಕಿವಿ ಹತ್ತಿರ ಗುಂಯ್ ಅಂತ ಸುತ್ತಿ ಎಬ್ಬಿಸುವ ಸೊಳ್ಳೆ ಆಗಬೇಕು ಅಂತ ಅವರ ಆಸೆ. ಕವಿಗಳು ಕೋಗಿಲೆ, ಹದ್ದು ಅಂತ ಕರೆದುಕೊಳ್ಳುವುದು ನೋಡಿದ್ದೇವೆ. ಸೊಳ್ಳೆ ಅಂತ ಕರೆದುಕೊಂಡವರನ್ನು ನಾನು ಬೇರೆ ನೋಡಿಲ್ಲ.

ಕಾವೇರಿ_ಕಣಿವೆ

ಸೊಳ್ಳೆ ವಿಷಯ ಬಹಳ ಇಷ್ಟವಾಯಿತು.

ರೇಷ್ಮೆದಾರಿ

ಆ ಲಿಪಿ ಸತ್ತಿಲ್ಲ, ಇದನ್ನು ಯಾರೂ ಹೇಳಲಿಲ್ಲ. ಚೀನಾದ ಷಿಂಜಿಯಾಂಗ್‌ನ ಕಜಖರು, ಹದಿನೈದು ಲಕ್ಷದಷ್ಟು ಜನ, ಇದೇ ತೊತೆ ಜಾಝು ಬಳಸುತ್ತಾರೆ. ಅಲ್ಲೂ ನಡುವೆ ಲ್ಯಾಟಿನ್ ತಂದಿದ್ದರು, 1980ರ ದಶಕದ ಶುರುವಿನಲ್ಲಿ ವಾಪಸ್ ಅರಬ್ಬಿಗೇ ಬಂದರು. ನಾನು ಬಟ್ಟೆ ವ್ಯಾಪಾರಕ್ಕೆ 2011ರಲ್ಲಿ ಆ ಕಡೆ ಹೋಗಿದ್ದೆ. ಅಂಗಡಿ ಬೋರ್ಡ್‌ಗಳ ಮೇಲೆ ಚೀನಿ ಅಕ್ಷರದ ಜೊತೆ ಅರಬ್ಬಿ ಅಕ್ಷರ, ಅಲ್ಲಲ್ಲಿ ಪದದ ಮುಂದೆ ಒಂದು ಪುಟ್ಟ ಕೊಕ್ಕೆ. ಆಗ ಅದೇನು ಅಂತ ಗೊತ್ತಿರಲಿಲ್ಲ. ಇವತ್ತು ನಿಮ್ಮ ಚೀಟಿ ಕಥೆ ಓದಿ ಹಳೆಯ ಫೋಟೊ ಹುಡುಕಿ ನೋಡಿದೆ. ಅದೇ ಕೊಕ್ಕೆ!

ಗಡಿಯ ಆ ಕಡೆಯ ಅಜ್ಜಿ ಈ ಕಡೆಯ ಮೊಮ್ಮಗನಿಗೆ ಕಾಗದ ಬರೆದರೆ ಅವನಿಗೆ ಓದಲಿಕ್ಕೆ ಬರಲ್ಲ. ಮಾತು ಮಾತ್ರ ಒಂದೇ.

ಅಲ್ಮಾಟಿ_ಕನ್ನಡಿಗ

ಇಲ್ಲಿ ಈಗ ಮತ್ತೆ ಲ್ಯಾಟಿನ್ ಕಡೆ ಹೊರಟಿದ್ದಾರೆ, ಗೊತ್ತಲ್ವಾ? 2017ರಲ್ಲಿ ಆದೇಶ ಬಂತು. ಮೊದಲು ಅಕ್ಷರದ ಪಕ್ಕ ಅಪಾಸ್ಟ್ರಫಿ ಹಾಕುವ ಒಂದು ಪಟ್ಟಿ ತಂದರು. ಒಂದು ಪದದಲ್ಲಿ ಮೂರು ನಾಲ್ಕು ಅಪಾಸ್ಟ್ರಫಿ. ಜನ ಒಪ್ಪಲಿಲ್ಲ. 2018ರಲ್ಲಿ ಅದನ್ನು ಬಿಟ್ಟು ಅಕ್ಷರದ ತಲೆ ಮೇಲೆ ಗೀಟು ಹಾಕುವ ಪಟ್ಟಿ. 2021ರಲ್ಲಿ ಇನ್ನೊಂದು, 31 ಅಕ್ಷರದ್ದು. ಸದ್ಯಕ್ಕೆ ಎಲ್ಲಾ ಕಡೆ ಸಿರಿಲಿಕ್ಕೇ ಓಡುತ್ತಿದೆ. ಇಲ್ಲಿನ ಸಹೋದ್ಯೋಗಿಗಳು ಇದರ ಮೇಲೆ ಟೀ ಆರುವವರೆಗೂ ವಾದ ಮಾಡುತ್ತಾರೆ. ಲ್ಯಾಟಿನ್ ಬೇಕು ಅನ್ನುವವರೂ ಬೈತುರ್ಸಿನುಲಿ ಹೆಸರು ಹೇಳುತ್ತಾರೆ, ಬೇಡ ಅನ್ನುವವರೂ ಹೇಳುತ್ತಾರೆ. ಭಾಷೆಯ ಸದ್ದಿಗೆ ತಕ್ಕ ಅಕ್ಷರ ಮಾಡಿ, ಅವರು ಮಾಡಿದ ಹಾಗೆ, ಅನ್ನುವುದು ಇಬ್ಬರ ಮಾತಿನಲ್ಲೂ ಬರುತ್ತದೆ.

ಹುಣಸೆತೋಪು

ಆ ಅಪಾಸ್ಟ್ರಫಿ ಪಟ್ಟಿ ನೋಡಿದ್ದೆ. ಹಮ್ಜಾ ಇಡೀ ಪದಕ್ಕೆ ಒಂದೇ. ಇದು ಅಕ್ಷರಕ್ಕೊಂದು. ನೂರು ವರ್ಷದ ಹಿಂದಿನ ಮೇಷ್ಟ್ರು ಕಡಿಮೆ ಶಾಯಿಯಲ್ಲಿ ಕೆಲಸ ಮುಗಿಸಿದ್ದರು.

ಸಂಡೂರು_ಮೇಷ್ಟ್ರು

ಇನ್ನೊಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ, ಬರೆದುಬಿಡುತ್ತೇನೆ. ಬೈತುರ್ಸಿನುಲಿ ಹೆಸರಿನ ಕೊನೆಯಲ್ಲಿರುವ "ಉಲಿ" ಅಂದರೆ ಕಜಖ್‌ನಲ್ಲಿ ಮಗ. ಬೈತುರ್ಸಿನ್‌ನ ಮಗ. ನಮ್ಮ ಹಳೆಗನ್ನಡದಲ್ಲಿ ಉಲಿ ಅಂದರೆ ದನಿ, ಸದ್ದು. ಎರಡಕ್ಕೂ ಸಂಬಂಧ ಇಲ್ಲ, ಅದು ನನಗೂ ಗೊತ್ತು. ಆದರೂ ಜೀವಮಾನವೆಲ್ಲ ಸದ್ದನ್ನೇ ಕಿವಿಗೊಟ್ಟು ಕೇಳಿದವರ ಹೆಸರಲ್ಲಿ ಈ ಪದ ಕೂತಿರುವುದು ಕನ್ನಡದ ಕಿವಿಗೆ ಖುಷಿ ಕೊಡುತ್ತದೆ.

ತುಂಗಾತೀರ

ಮೇಷ್ಟ್ರೇ, ಇದನ್ನು ಈಗಲೇ ಮಗಳಿಗೆ ಕಳಿಸುತ್ತೇನೆ.

ಮಳೆಹಕ್ಕಿ

ಅಕ್ಟೋಬರ್‌ನಲ್ಲಿ ಅಲ್ಮಾಟಿಗೆ ಹೋಗುವವರಿದ್ದೇವೆ, ನಾಲ್ಕು ಜನ. ವೀಸಾ ಬೇಕಾ? ಈ ಮನೆ ಜೊತೆಗೆ ಹತ್ತಿರ ಇನ್ನೇನು ನೋಡಬಹುದು?

ಅಲ್ಮಾಟಿ_ಕನ್ನಡಿಗ

ಹದಿನಾಲ್ಕು ದಿನದವರೆಗೆ ಇಂಡಿಯಾ ಪಾಸ್‌ಪೋರ್ಟ್‌ಗೆ ವೀಸಾ ಬೇಡ. ಹೊರಡುವ ಮುಂಚೆ ನಿಯಮ ಇನ್ನೊಮ್ಮೆ ನೋಡಿಕೊಳ್ಳಿ, ಮ್ಯೂಸಿಯಂಗಳಿಗೆ ವಾರದ ರಜೆ ಇರುತ್ತದೆ, ಹೋಟೆಲಿನವರಿಂದ ಫೋನ್ ಮಾಡಿಸಿ. ತುಲೆಬಾಯೆವ್ ರಸ್ತೆಯಲ್ಲಿ ಮುಖ್ತಾರ್ ಔವೆಜೊವ್ ಮನೆ ಇದೆ, ದೊಡ್ಡ ಕಾದಂಬರಿಕಾರ. ಬೈತುರ್ಸಿನುಲಿಗೆ ಐವತ್ತು ತುಂಬಿದಾಗ ಅವರ ಬಗ್ಗೆ ಲೇಖನ ಬರೆದವರು ಇದೇ ಔವೆಜೊವ್, ಆಗ ಇನ್ನೂ ಹುಡುಗ. ಮೊದಲು ಈ ಮನೆ, ಆಮೇಲೆ ಆ ಮನೆ ನೋಡಿ. ಸಮಯ ಇದ್ದರೆ ಊರ ಹೊರಗೆ ಜಾನಾಲಿಕ್‌ಗೆ ಹೋಗಿ ಬನ್ನಿ. ಆ ವರ್ಷಗಳಲ್ಲಿ ಕೊಂದವರನ್ನು ಹೂತ ಜಾಗ, ಈಗ ಸ್ಮಾರಕ ಇದೆ.

ಬಯಲುಸೀಮೆ_72

ತುಂಗಾತೀರ ಅವರೇ, ನಿಮ್ಮ ಮೂಲ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಬದಲಾಯಿಸಿಕೊಳ್ಳುತ್ತೇನೆ. ಲ್ಯಾಟಿನ್ ವಿಷಯದಲ್ಲಿ ಅವರು ಸೋತರು, ಮುದ್ರಣದ ಲೆಕ್ಕದಲ್ಲಿ ಸೋಲಬೇಕಾದ್ದೇ ಅಂತ ಈಗಲೂ ಅನ್ನುತ್ತೇನೆ. ಆದರೆ ಸುಧಾರಕ ಅನ್ನುವುದಕ್ಕೆ ನನ್ನ ತಕರಾರು ಇಲ್ಲ. ಹಮ್ಜಾ ಒಂದೇ ಸಾಕು.

ಲಿಪಿಪ್ರಿಯ

ಮುದ್ರಣದ ಲೆಕ್ಕಕ್ಕೆ ಇನ್ನೊಂದು ದಿನ ಕೂರೋಣ. ಈಗಿನ ಫಾಂಟ್‌ಗಳಲ್ಲಿ ಆ ನಾಲ್ಕು ರೂಪ ತಾನಾಗೇ ಬೀಳುತ್ತದೆ, ಗೂಡೂ ಬೇಡ ಮೊಳೆಯೂ ಬೇಡ.

ಬಯಲುಸೀಮೆ_72

1926ರಲ್ಲಿ ಫಾಂಟ್ ಇರಲಿಲ್ಲ ಸ್ವಾಮಿ.

ತುಂಗಾತೀರ

ಮಗಳು ನಿನ್ನೆ ಕಾಲೇಜು ಮುಗಿಸಿ ಮತ್ತೆ ಆ ಮನೆಗೆ ಹೋಗಿದ್ದಳಂತೆ, ಜೊತೆಗೆ ದಾವಣಗೆರೆಯ ಇಬ್ಬರು ಹುಡುಗಿಯರು. ಅದೇ ಹೆಂಗಸು ಇದ್ದರು, ಗುರುತು ಹಿಡಿದರು. ಮಗಳು ಮೇಷ್ಟ್ರ ಮಾತು ಹೇಳಿ, ಹಳೆಯ ಚೀಟಿಯನ್ನು ಪುಸ್ತಕದಿಂದ ತೆಗೆದು, ಕೆಳಗೆ ಕನ್ನಡದಲ್ಲಿ ಉಲಿ ಅಂತ ಬರೆದು, ನಮ್ಮ ಭಾಷೆಯಲ್ಲಿ ಇದು ದನಿ ಅಂದಳಂತೆ. ಆಕೆ ಕನ್ನಡ ಅಕ್ಷರದ ಮೇಲೆ ಬೆರಳಾಡಿಸಿ, "ಲಿ"ಯ ಗುಡಿಸು ತೋರಿಸಿ, ಇದು ಏನು ಮಾಡುತ್ತದೆ ಅಂತ ಕೇಳಿದರಂತೆ. ಮಗಳು "ಲ" ಬರೆದು, "ಲಿ" ಬರೆದು, ಎರಡೂ ಹೇಳಿ ತೋರಿಸಿದಳು. ಆಕೆ ಪೆನ್ನು ತೆಗೆದುಕೊಂಡು ತಾವೂ ಒಂದು "ಲಿ" ಬರೆದರು. ಸ್ವಲ್ಪ ವಾರೆಯಾಗಿದೆ, ಆದರೆ ಓದಬಹುದು.

ಸಂಡೂರು_ಮೇಷ್ಟ್ರು

ಆ ಚೀಟಿಯ ಫೋಟೊ ಹಾಕಿಸಿ.

ತುಂಗಾತೀರ

ಹೇಳಿದ್ದೇನೆ. ಪರೀಕ್ಷೆ ನಡೀತಿದೆ, ಭಾನುವಾರ ಕಳಿಸುತ್ತಾಳಂತೆ.